ಗೌರಿಗೆ ಶಾಶ್ವತ ಮನೆ ಸಿಗುವವರೆಗೆ ನಮ್ಮಲ್ಲಿಟ್ಟುಕೊಂಡಿದ್ದೇವೆ: ಅನುಭವಸ್ಥರು ದಯವಿಟ್ಟು ತಿಳಿಸಿ

ಕತ್ರಿಗುಪ್ಪೆಯಿಂದ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕತ್ರಿಗುಪ್ಪೆಯಲ್ಲಿ ಬಾಡಿಗೆ ಫ್ಲ್ಯಾಟೊಂದರ ಮೂರನೆಯ ಮಹಡಿಯಲ್ಲಿ ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು ಮತ್ತು ಅತ್ತೆಯವರು ವಾಸವಾಗಿದ್ದೇವೆ. ಗೌರಿ ಹಬ್ಬದ ಹಿಂದಿನ ಸಂಜೆ ಬಾಳೆಕಂದು ಕೊಳ್ಳಲು ಹೋಗಿದ್ದಾಗ, ತಳ್ಳುಗಾಡಿಯ ಕೆಳಗೆ ಕಪ್ಪು ಹೆಣ್ಣುನಾಯಿಯೊಂದು ತಲೆ ಎತ್ತಲಾರದೆ ಮಲಗಿರುವುದನ್ನು ಮಗಳು ನೋಡಿದಳು. ಕಿವಿಯ ಒಳಗೆಲ್ಲ ಉಣ್ಣೆಗಳು ಹುರುಳಿಕಾಳಿನಂತೆ ಒತ್ತೊತ್ತಾಗಿ ಅಂಟಿಕೊಂಡಿದ್ದವು. ಪರಿಚಯದ ಸ್ವಯಂಸೇವಕರೊಬ್ಬರು ಬಂದು ಆಸ್ಪತ್ರೆಗೆ ಸೇರಿಸಿದರು. ಉಣ್ಣೆ ಜ್ವರವೆಂದೂ, ಪ್ಲೇಟ್‌ಲೆಟ್ ಎಣಿಕೆ 48,000ಕ್ಕೆ ಇಳಿದಿದೆಯೆಂದೂ, ಹಲ್ಲು ನೋಡಿದರೆ ವಯಸ್ಸು ಒಂದೂವರೆ ವರ್ಷ ಇರಬಹುದೆಂದೂ ವೈದ್ಯರು ತಿಳಿಸಿದರು.

ಸ್ವಯಂಸೇವಕರ ಆಶ್ರಯತಾಣದಲ್ಲಿ ಜಾಗವಿರಲಿಲ್ಲ. ಯಾರಾದರೂ ದತ್ತು ತೆಗೆದುಕೊಳ್ಳುವವರೆಗೆ ನೀವು ನೋಡಿಕೊಳ್ಳುವಿರಾ ಎಂದು ಕೇಳಿದಾಗ ನಾವು ಒಪ್ಪಿಕೊಂಡೆವು. ಅವಳು ನಮ್ಮ ಮನೆಗೆ ಬಂದು ಆರು ದಿನಗಳಾದವು. ಮಗಳು ಗೌರಿ ಎಂದು ಹೆಸರಿಟ್ಟಿದ್ದಾಳೆ. ವಾಷಿಂಗ್ ಮೆಷಿನ್ ಮತ್ತು ಗೋಡೆಯ ನಡುವಿನ ಒಂದಡಿ ಸಂದಿಯನ್ನೇ ಅವಳು ತನ್ನ ಜಾಗವೆಂದು ಆರಿಸಿಕೊಂಡಿದ್ದಾಳೆ. ಕುಕ್ಕರ್ ಕೂಗಿದರೆ ಮೈ ಕುಗ್ಗಿಸಿಕೊಂಡು ಇನ್ನೂ ಒಳಕ್ಕೆ ಸರಿಯುತ್ತಾಳೆ. ಯಾರಾದರೂ ನೋಡುತ್ತಿದ್ದರೆ ನೀರನ್ನು ಮುಟ್ಟುವುದೇ ಇಲ್ಲ. ಬಟ್ಟಲಿಟ್ಟು ನಾವು ಬೆನ್ನು ತಿರುಗಿಸಿ ನಿಂತರೆ ಮಾತ್ರ ಲೊಚಲೊಚ ಕುಡಿಯುವ ಸದ್ದು ಕೇಳಿಸುತ್ತದೆ.

ಅವಳನ್ನು ನಾವೇ ಇಟ್ಟುಕೊಳ್ಳಲು ಆಗುವುದಿಲ್ಲ. ಬರುವ ಬೇಸಿಗೆಯಲ್ಲಿ ಯಜಮಾನರಿಗೆ ಹೊರರಾಜ್ಯಕ್ಕೆ ವರ್ಗವಾಗುವುದು ಖಚಿತ, ಅದಕ್ಕೆ ಮೊದಲು ಅತ್ತೆಯವರ ಮಂಡಿಯ ಶಸ್ತ್ರಚಿಕಿತ್ಸೆಯೂ ಆಗಬೇಕಾಗಿದೆ. ನನ್ನನ್ನು ಕಾಡುತ್ತಿರುವುದು ಇಷ್ಟು: ಒಮ್ಮೆ ಬೀದಿಯಲ್ಲಿ ಎಲ್ಲವನ್ನೂ ಕಳೆದುಕೊಂಡ ಜೀವವನ್ನು ಹಚ್ಚಿಕೊಂಡು, ಅದು ನಮ್ಮನ್ನು ನಂಬಿದ ಮೇಲೆ ಇನ್ನೊಬ್ಬರ ಕೈಗೆ ಒಪ್ಪಿಸಿದರೆ, ನಾವು ಅದಕ್ಕೆ ಎರಡನೆಯ ಸಲ ದ್ರೋಹ ಮಾಡಿದಂತಾಗುವುದಿಲ್ಲವೇ? ಮಗಳಿಗೆ ಇದನ್ನು ಹೇಗೆ ತಿಳಿಸಬೇಕು? ಕಾಯಿಲೆಯ ವಿಷಯದಲ್ಲಿ ಎಚ್ಚರವಹಿಸಬೇಕಾದದ್ದು ಏನು? ಸರಿಯಾದ ಮನೆಯನ್ನು ಗುರುತಿಸುವುದು ಹೇಗೆ? ಅಪಾರ್ಟ್‌ಮೆಂಟಿನ ಸಂಘದವರು ಈಗಾಗಲೇ ಲಿಫ್ಟ್ ಬಳಸಬೇಡಿ ಎಂದಿದ್ದಾರೆ. ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಜಯನಗರದ ಅಜ್ಜಿಮನೆ

ತಾಯಿ, ನಿಮ್ಮ ಪ್ರಶ್ನೆಗಳಲ್ಲಿ ಮೊದಲನೆಯದೇ ಬಹಳ ದೊಡ್ಡದು, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಕಳೆದ ಆರು ವರ್ಷಗಳಲ್ಲಿ ಹನ್ನೊಂದು ನಾಯಿಗಳು ನಮ್ಮ ಮನೆಯಲ್ಲಿ ಇದ್ದು, ಚೇತರಿಸಿಕೊಂಡು, ಬೇರೆ ಮನೆಗಳಿಗೆ ಹೋಗಿವೆ. ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಅವು ಮಂಕಾಗಿರುತ್ತವೆ, ಊಟ ಕಡಿಮೆ ಮಾಡುತ್ತವೆ, ಬಾಗಿಲ ಕಡೆ ನೋಡುತ್ತವೆ. ಇದು ನಿಜ, ಮುಚ್ಚಿಡುವಂಥದ್ದಲ್ಲ. ಆದರೆ ಮನುಷ್ಯರ ಕೈಯಿಂದ ಪೆಟ್ಟಲ್ಲದೆ ಅನ್ನವೂ ಬರುತ್ತದೆ ಎಂಬುದನ್ನು ನಾಯಿ ಒಮ್ಮೆ ಕಲಿತರೆ, ಆ ಕಲಿಕೆ ನಿಮ್ಮ ಮನೆಯಲ್ಲೇ ಉಳಿದುಬಿಡುವುದಿಲ್ಲ, ಅದರ ಜೊತೆಗೇ ಹೋಗುತ್ತದೆ. ನಿಮ್ಮಲ್ಲಿ ನಂಬಲು ಅವಳಿಗೆ ಮೂರು ವಾರ ಹಿಡಿದರೆ, ಮುಂದಿನ ಮನೆಯಲ್ಲಿ ಅದಕ್ಕಿಂತ ಕಡಿಮೆ ದಿನ ಸಾಕಾಗುತ್ತದೆ ಎಂಬುದು ನಾನು ಮತ್ತೆ ಮತ್ತೆ ಕಂಡದ್ದು. ಗಾಡಿಯ ಕೆಳಗೆ ಸಾಯುತ್ತಿದ್ದ ಜೀವವನ್ನು ಎತ್ತಿ ತಂದು, ಉಣ್ಣಲು, ಮಲಗಲು, ನಂಬಲು ಕಲಿಸಿ ಕಳುಹಿಸುವುದನ್ನು ದ್ರೋಹವೆಂದು ದಯವಿಟ್ಟು ಕರೆಯಬೇಡಿ.

ಮಗಳಿಗೆ ಮೊದಲ ದಿನದಿಂದಲೇ ಸತ್ಯವನ್ನು ಹೇಳಬೇಕು. "ನೋಡೋಣ, ಇರಬಹುದೇನೋ" ಎಂಬ ಮಾತು ಆ ಕ್ಷಣಕ್ಕೆ ಸಮಾಧಾನ ಕೊಟ್ಟರೂ ಮುಂದೆ ಮಗುವಿಗೆ ಬಹಳ ನೋವು ಕೊಡುತ್ತದೆ. ಗೌರಿಗೆ ಒಳ್ಳೆಯ ಮನೆ ಹುಡುಕುವ ಕೆಲಸ ನಮ್ಮದು, ಆ ಕೆಲಸದಲ್ಲಿ ನಿನ್ನದೂ ಪಾಲಿದೆ ಎಂದು ತಿಳಿಸಿ, ಅವಳಿಗೆ ಒಂದು ಇನ್ನೂರು ಪುಟದ ಪುಸ್ತಕ ಕೊಡಿಸಿ. ಗೌರಿ ಯಾವ ಹೊತ್ತಿಗೆ ಎದ್ದಳು, ಯಾವುದಕ್ಕೆ ಹೆದರಿದಳು, ಎಷ್ಟು ತಿಂದಳು, ಯಾರ ಹತ್ತಿರ ತಾನಾಗಿಯೇ ಬಂದಳು ಎಂದು ದಿನವೂ ಬರೆಯಲಿ. ನೀವು ಬರೆದಿರುವ ನೀರಿನ ಬಟ್ಟಲಿನ ವಿಷಯ ಆ ಪುಸ್ತಕದ ಮೊದಲ ಪುಟದಲ್ಲಿರಬೇಕು.

ಇದನ್ನು ಮಗುವಿನ ಕಾಲಹರಣಕ್ಕಾಗಿ ಹೇಳುತ್ತಿಲ್ಲ. ಆಶ್ರಯತಾಣದಲ್ಲಿ ಐವತ್ತು ನಾಯಿಗಳ ನಡುವೆ ಇರುವ ನಾಯಿ, ಮನೆಯೊಳಗೆ ಹೇಗಿರುತ್ತದೆಂದು ಯಾರಿಗೂ ತಿಳಿಯುವುದಿಲ್ಲ. ಅದನ್ನು ತಿಳಿಯಬಲ್ಲವರು ನೀವು ಮಾತ್ರ. ತಾತ್ಕಾಲಿಕವಾಗಿ ಸಾಕುವವರ ನಿಜವಾದ ಕೆಲಸ ನಾಯಿಯನ್ನು ಚೆನ್ನಾಗಿ ಅರಿತುಕೊಳ್ಳುವುದು ಮತ್ತು ಅರಿತದ್ದನ್ನು ಏನನ್ನೂ ಬಿಡದೆ ಮುಂದಿನವರಿಗೆ ಹೇಳುವುದು. ನಾನು ಒಮ್ಮೆ ಇದರಲ್ಲಿ ತಪ್ಪಿದ್ದೇನೆ. ನಮ್ಮಲ್ಲಿದ್ದ ನಾಲ್ಕನೆಯ ನಾಯಿ, ಹೆಲ್ಮೆಟ್ ಹಾಕಿದ ಗಂಡಸರನ್ನು ಕಂಡರೆ ಹಲ್ಲು ತೋರಿಸುತ್ತಿತ್ತು. ಹೇಳಿದರೆ ಯಾರೂ ಒಪ್ಪಲಾರರೆಂದು ಹೆದರಿ ಅದನ್ನು ಹೇಳದೆ ಉಳಿದೆ. ಕರೆದೊಯ್ದ ಮನೆಯ ಮಗ ಬೈಕಿನಲ್ಲಿ ಊಟ ತಲುಪಿಸುವ ಕೆಲಸದಲ್ಲಿದ್ದವನು, ದಿನಕ್ಕೆ ಹತ್ತು ಸಲ ಹೆಲ್ಮೆಟ್ಟಿನೊಂದಿಗೇ ಒಳಗೆ ಬರುವವನು. ಒಂಬತ್ತನೆಯ ದಿನ ನಾಯಿ ಹಿಂದಿರುಗಿತು. ಆ ಮನೆಯವರಿಗೂ ನಾಯಿಗೂ ಆದ ಸಂಕಟಕ್ಕೆ ನನ್ನ ಮೌನವೇ ಕಾರಣವಾಗಿತ್ತು. ಅಂದಿನಿಂದ ವಿವರ ಬರೆಯುವಾಗ "ಬಹಳ ಮುದ್ದು, ಬಹಳ ಸಾಧು" ಎಂಬ ಮಾತುಗಳನ್ನು ನಾನು ಬಿಟ್ಟುಬಿಟ್ಟಿದ್ದೇನೆ. "ಕುಕ್ಕರಿನ ಸದ್ದಿಗೆ ಹೆದರುತ್ತಾಳೆ, ಒಂಟಿಯಾಗಿ ಎರಡು ಗಂಟೆ ಇರಬಲ್ಲಳು, ಬೆಕ್ಕಿನ ಜೊತೆ ಪರೀಕ್ಷಿಸಿಲ್ಲ" ಎಂದು ಬರೆದರೆ ವಿಚಾರಿಸುವವರು ಕಡಿಮೆಯಾಗುತ್ತಾರೆ, ಆದರೆ ವಿಚಾರಿಸಿದವರು ಗಂಭೀರವಾಗಿರುತ್ತಾರೆ.

ಕಪ್ಪು ನಾಯಿಯ ಫೋಟೊ ರಾತ್ರಿಯ ಟ್ಯೂಬ್‌ಲೈಟಿನಲ್ಲಿ ಬರಿಯ ನೆರಳಿನಂತೆ ಕಾಣುತ್ತದೆ. ಬೆಳಗಿನ ಹೊತ್ತು ಕಿಟಕಿಯ ಬಳಿ, ನೀವೂ ನೆಲದ ಮೇಲೆ ಕುಳಿತು, ಅವಳ ಕಣ್ಣಿನ ಮಟ್ಟದಲ್ಲಿ ತೆಗೆಯಿರಿ. ವಿವರವನ್ನು ಸ್ವಯಂಸೇವಕರ ಮೂಲಕ ಮಾತ್ರವಲ್ಲದೆ, 1991ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿರಕ್ಷಣಾ ಸಂಸ್ಥೆಗಳಿಗೂ ಕಳುಹಿಸಿ ವಿಚಾರಿಸಬಹುದು. ಇನ್ನೊಂದು ಮಾತು: ಔಷಧದ ಖರ್ಚು ಯಾರದು, ದತ್ತು ಕೊಡುವ ಅಂತಿಮ ತೀರ್ಮಾನ ಯಾರದು, ನಿಮಗೆ ಒಪ್ಪಿಗೆಯಾಗದ ಮನೆಯನ್ನು ನಿರಾಕರಿಸುವ ಹಕ್ಕು ನಿಮಗಿದೆಯೇ ಎಂಬುದನ್ನು ಆ ಸ್ವಯಂಸೇವಕರೊಂದಿಗೆ ಈಗಲೇ ಬರಹದಲ್ಲಿ ಮಾಡಿಕೊಳ್ಳಿ.

ನಿವೃತ್ತ ಪಶುವೈದ್ಯ, ಹಾಸನ

ನಿಮ್ಮ ವೈದ್ಯರು ನಾಯಿಯನ್ನು ಕಣ್ಣಾರೆ ನೋಡಿರುವುದರಿಂದ ಅವರ ಮಾತೇ ಅಂತಿಮ. ನಾನು ಸಾಮಾನ್ಯ ವಿಷಯಗಳನ್ನಷ್ಟೇ ತಿಳಿಸುತ್ತೇನೆ.

ನಾಯಿಗಳಲ್ಲಿ ಪ್ಲೇಟ್‌ಲೆಟ್ ಎಣಿಕೆ ಸಾಮಾನ್ಯವಾಗಿ ಎರಡು ಲಕ್ಷದಿಂದ ಐದು ಲಕ್ಷದವರೆಗೆ ಇರುತ್ತದೆ. 48,000 ಎಂದರೆ ಬಹಳ ಕಡಿಮೆ. ನಮ್ಮ ಕಡೆ ಉಣ್ಣೆ ಜ್ವರವೆಂದು ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬೇರೆ ಬೇರೆ ರೋಗಗಳಿವೆ. ಎರ್ಲೀಕಿಯ ಎಂಬ ಬ್ಯಾಕ್ಟೀರಿಯಾದಿಂದ ಬರುವುದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ವಾರ ಕೊಡುತ್ತಾರೆ. ಒಂದು ವಾರದಲ್ಲೇ ನಾಯಿ ಓಡಾಡಲು ತೊಡಗುವುದರಿಂದ ಬಹಳ ಜನ ಮಾತ್ರೆಯನ್ನು ನಡುವೆಯೇ ನಿಲ್ಲಿಸಿಬಿಡುತ್ತಾರೆ, ಹಾಗೆ ಮಾಡಬಾರದು. ಬಬೇಸಿಯ ಎಂಬ ಪರಾವಲಂಬಿಯಿಂದ ಬರುವುದಕ್ಕೆ ಈ ಮಾತ್ರೆಯೊಂದೇ ಸಾಲದು, ಬೇರೆ ಚಿಕಿತ್ಸೆ ಬೇಕು. ಆದ್ದರಿಂದ ಹತ್ತು ಹದಿನೈದು ದಿನಗಳಲ್ಲಿ ರಕ್ತಪರೀಕ್ಷೆಯನ್ನು ಮತ್ತೆ ಮಾಡಿಸಿ, ಎಣಿಕೆ ಏರದಿದ್ದರೆ ಎರಡನೆಯ ರೋಗದ ಬಗೆಗೂ ವೈದ್ಯರನ್ನು ಕೇಳಿ.

ನಮ್ಮ ಮನೆಗಳಲ್ಲಿ ಮಾತ್ರೆಯನ್ನು ಮೊಸರನ್ನದಲ್ಲಿ ಅಡಗಿಸಿ ಕೊಡುವ ರೂಢಿಯಿದೆ. ಈ ಮಾತ್ರೆಯ ವಿಷಯದಲ್ಲಿ ಅದನ್ನು ತಪ್ಪಿಸಿ, ಏಕೆಂದರೆ ಹಾಲು ಮೊಸರಿನಲ್ಲಿರುವ ಸುಣ್ಣದ ಅಂಶ (ಕ್ಯಾಲ್ಸಿಯಂ) ಔಷಧವು ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಬೇಯಿಸಿದ ಕೋಳಿಮಾಂಸದ ತುಣುಕಿನಲ್ಲಿಯೋ ಕುಂಬಳಕಾಯಿ ಬೆರೆಸಿದ ಅನ್ನದಲ್ಲಿಯೋ ಇಟ್ಟು, ಹೊಟ್ಟೆಗೆ ಆಹಾರವಿರುವಾಗಲೇ ಕೊಡಿ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬಾರದು. ನಾಯಿಗೆ ಅವು ವಿಷವಾಗಬಲ್ಲವು. ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ, ಹೊಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಕಂಡರೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಅವಳು ಮಲಗುವ ಸಂದಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಈ ಕಂದು ಉಣ್ಣೆ ರಕ್ತ ಹೀರಿ ಉದುರಿದ ಮೇಲೆ ಗೋಡೆ ಹತ್ತಿ ಬಿರುಕುಗಳಲ್ಲಿ ಸೇರುತ್ತದೆ, ಅಲ್ಲಿ ಒಂದೊಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮೆಷಿನ್ ಸರಿಸಿ, ಗೋಡೆಯ ಬುಡವನ್ನು ವಾರಕ್ಕೆರಡು ಸಲ ಬಿಸಿನೀರಿನಿಂದ ಒರೆಸಿ, ಅವಳ ಹಾಸುಬಟ್ಟೆಯನ್ನು ಬಿಸಿನೀರಿನಲ್ಲೇ ಒಗೆಯಿರಿ. ಕಾಯಿಲೆ ನಾಯಿಯಿಂದ ಮಗುವಿಗೆ ನೇರವಾಗಿ ಅಂಟುವುದಿಲ್ಲ. ಆದರೂ ಉಣ್ಣೆಯನ್ನು ಬರಿಗೈಯಿಂದ ಕಿತ್ತು ಉಗುರಿನಲ್ಲಿ ಹಿಸುಕಲು ಯಾರನ್ನೂ ಬಿಡಬೇಡಿ. ಮೈಮೇಲಿನ ಉಣ್ಣೆ ಸಾಯಲು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಮಾತ್ರೆಗಳಿವೆ, ತೂಕ ನೋಡಿ ವೈದ್ಯರು ಬರೆದುಕೊಡುತ್ತಾರೆ.

ರೇಬಿಸ್ ಮತ್ತಿತರ ಲಸಿಕೆಗಳನ್ನು ಚೇತರಿಸಿಕೊಂಡ ಕೂಡಲೇ ವೈದ್ಯರ ಸಲಹೆಯಂತೆ ಹಾಕಿಸಿ. ಅಷ್ಟರೊಳಗೆ, ಆಟದಲ್ಲಿ ಹಲ್ಲು ತಾಗಿದರೂ, ಆ ಜಾಗವನ್ನು ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಅದೇ ದಿನ ವೈದ್ಯರನ್ನು ಕಾಣಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಲೇಬೇಕು, ಆದರೆ ಪ್ಲೇಟ್‌ಲೆಟ್ ಸಹಜ ಮಟ್ಟಕ್ಕೆ ಬಂದ ಮೇಲೆ ಮಾತ್ರ. ಇಲ್ಲವಾದರೆ ರಕ್ತಸ್ರಾವ ನಿಲ್ಲಿಸುವುದು ಕಷ್ಟ. ದತ್ತು ಕೊಡುವ ದಿನಕ್ಕೆ ಅದು ಆಗಿರದಿದ್ದರೆ, ಯಾವ ತಿಂಗಳಿನಲ್ಲಿ ಯಾರು ಮಾಡಿಸಬೇಕೆಂಬುದು ಒಪ್ಪಂದದಲ್ಲಿ ಇರಲಿ.

ಬನಶಂಕರಿ 3ನೇ ಹಂತ

ಲಿಫ್ಟಿನ ವಿಷಯಕ್ಕೆ: ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ನಿವಾಸಿಗಳ ಸಂಘವು ಬಹುಮತದಿಂದ ನಿರ್ಣಯ ಮಾಡಿದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬಾರದೆಂದು ತಡೆಯುವಂತಿಲ್ಲ. ಅದರ ಪ್ರತಿಯೊಂದನ್ನು ವಿನಯದಿಂದಲೇ ಕೊಡಿ, ಜೊತೆಗೆ ಹೊರಗೆ ಹೋಗುವಾಗಲೆಲ್ಲ ಹಗ್ಗ ಹಿಡಿದಿರುವುದನ್ನೂ ಕೊಳೆಯನ್ನು ನೀವೇ ಎತ್ತುವುದನ್ನೂ ಅವರು ಕಣ್ಣಾರೆ ಕಾಣಲಿ. ಮನೆಯ ಮಾಲೀಕರ ವಿಷಯ ಬೇರೆ. ಅದು ನಿಮ್ಮ ಬಾಡಿಗೆ ಕರಾರಿಗೆ ಸಂಬಂಧಿಸಿದ್ದು, ಅವರಿಗೆ ಬೇರೆಯವರಿಂದ ಸುದ್ದಿ ತಲುಪುವ ಮೊದಲು ನೀವೇ ತಿಳಿಸುವುದು ಒಳ್ಳೆಯದು.

ನಾನು ಬರೆಯಲು ಹೊರಟದ್ದು ದೀಪಾವಳಿಯ ಬಗೆಗೆ. ನಿಮಗೆ ಇನ್ನು ಏಳೆಂಟು ವಾರಗಳಿವೆ. ಎರಡು ವರ್ಷಗಳ ಹಿಂದೆ ನರಕ ಚತುರ್ದಶಿಯ ಸಂಜೆ, ಇನ್ನೂ ಕತ್ತಲಾಗಿಲ್ಲ ಎಂಬ ಧೈರ್ಯದಿಂದ, ನಮ್ಮಲ್ಲಿ ತಾತ್ಕಾಲಿಕವಾಗಿದ್ದ ನಾಯಿಯನ್ನು ಮೂತ್ರಕ್ಕೆಂದು ಗೇಟಿನ ಹೊರಗೆ ಕರೆದೊಯ್ದೆ. ಎಲ್ಲೋ ಒಂದು ಲಕ್ಷ್ಮೀ ಪಟಾಕಿ ಸಿಡಿಯಿತು. ಅದು ಹಿಂದಕ್ಕೆ ಜಗ್ಗಿದ ರಭಸಕ್ಕೆ ಕೊರಳಪಟ್ಟಿ ತಲೆಯಿಂದ ಜಾರಿ ಬಂದು ಬರಿಯ ಹಗ್ಗ ನನ್ನ ಕೈಯಲ್ಲಿ ಉಳಿಯಿತು. ನಮ್ಮ ನಾಟಿ ನಾಯಿಗಳ ತಲೆ ಕಿರಿದು, ಕತ್ತು ದಪ್ಪ. ಪಟ್ಟಿ ಎಷ್ಟು ಬಿಗಿಯಾಗಿದ್ದರೂ ಹಿಂದಕ್ಕೆ ಜಗ್ಗಿದರೆ ಕಳಚುವ ಸಂಭವವಿದೆ. ಸುಮಾರು ಮೂವತ್ತನಾಲ್ಕು ಗಂಟೆಗಳ ನಂತರ, ಬೆಳಗಿನ ಜಾವ ನಾಲ್ಕಕ್ಕೆ, ಎರಡು ರಸ್ತೆಯಾಚೆ ಕಟ್ಟುತ್ತಿದ್ದ ಮನೆಯೊಂದರ ಮರಳಿನ ರಾಶಿಯ ಹಿಂದೆ ಸಿಕ್ಕಿತು. ಹಗಲಿಡೀ ಹೆಸರು ಕೂಗುತ್ತ ಹತ್ತು ಜನ ಓಡಾಡಿದಾಗ ಅದು ಇನ್ನಷ್ಟು ಅಡಗಿಕೊಂಡಿತ್ತು. ನಾನೊಬ್ಬನೇ ಹೋಗಿ, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕುಳಿತು, ಅದರ ಹಾಸುಬಟ್ಟೆಯನ್ನು ಪಕ್ಕದಲ್ಲಿ ಹರಡಿಕೊಂಡ ಮೇಲೆ ತೆವಳುತ್ತ ಬಂದು ಮೂಗು ತಾಗಿಸಿತು.

ಆದ್ದರಿಂದ ಎದೆಗೆ ಹಾಕುವ ಹಾರ್ನೆಸ್ ಒಂದು, ಕೊರಳಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಹಗ್ಗ. ಪಟ್ಟಿಯಲ್ಲಿ ನಿಮ್ಮ ದೂರವಾಣಿ ಸಂಖ್ಯೆ ಇರಲಿ. ಪಟಾಕಿಯ ದಿನಗಳಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ, ಅವಳ ಸಂದಿಯಲ್ಲಿ ಅವಳನ್ನು ಇರಲು ಬಿಡಿ. ವಿಪರೀತ ಹೆದರುವಳಾದರೆ ಮೊದಲೇ ವೈದ್ಯರಿಂದ ಔಷಧ ಬರೆಸಿಟ್ಟುಕೊಳ್ಳಿ. ಎಷ್ಟೇ ಒಳ್ಳೆಯ ಮನೆ ಸಿಕ್ಕಿದರೂ ಹಬ್ಬದ ಹಿಂದಿನ ಎರಡು ವಾರಗಳಲ್ಲಿ ಮಾತ್ರ ಕಳುಹಿಸಬೇಡಿ. ಹೊಸ ಜಾಗದ ಗಾಬರಿ, ಪಟಾಕಿಯ ಗಾಬರಿ ಎರಡೂ ಒಟ್ಟಿಗೆ ಬಂದರೆ ತಪ್ಪಿಸಿಕೊಳ್ಳುವುದು ಹೆಚ್ಚು, ಹಾಗೆ ತಪ್ಪಿಸಿಕೊಂಡ ನಾಯಿಗೆ ಮರಳಿ ಬರಲು ಯಾವ ಮನೆಯ ದಾರಿಯೂ ಗೊತ್ತಿರುವುದಿಲ್ಲ.

ಮೈಸೂರು, ದತ್ತು ತೆಗೆದುಕೊಂಡವರು

ನಾನು ಆಚೆ ಬದಿಯಲ್ಲಿ ನಿಂತವನಾಗಿ ಬರೆಯುತ್ತಿದ್ದೇನೆ. ನಮ್ಮ ನಾಯಿ ಬೆಂಗಳೂರಿನ ಒಂದು ಕುಟುಂಬದಲ್ಲಿ ನಾಲ್ಕು ತಿಂಗಳಿದ್ದು ನಮ್ಮ ಮನೆಗೆ ಬಂದಿತು. ಅವರು ದತ್ತು ಕೊಡುವ ಮೊದಲು ನಮ್ಮ ಮನೆಗೆ ಬಂದು, ಬಾಲ್ಕನಿಯ ಸರಳುಗಳ ನಡುವೆ ನಾಯಿಯ ತಲೆ ತೂರುವುದೇ ಎಂದು ಕೈಯಿಟ್ಟು ನೋಡಿದರು. ಬೆಳಿಗ್ಗೆ ಆರು ಗಂಟೆಗೆ ಮಳೆ ಬರುತ್ತಿದ್ದರೆ ಹೊರಗೆ ಕರೆದೊಯ್ಯುವವರು ಯಾರು, ಊರಿಗೆ ಹೋದಾಗ ಎಲ್ಲಿ ಬಿಡುತ್ತೀರಿ, ವರ್ಗವಾದರೆ ಏನು ಮಾಡುತ್ತೀರಿ, ಮನೆಯಲ್ಲಿ ಒಪ್ಪದವರು ಯಾರಿದ್ದಾರೆ ಎಂದು ನಮ್ಮ ಅಮ್ಮನನ್ನೂ ಬೇರೆಯಾಗಿ ಕೂರಿಸಿಕೊಂಡು ಕೇಳಿದರು. ಆಗ ನನಗೆ ಸ್ವಲ್ಪ ಬೇಸರವಾದದ್ದು ನಿಜ. ಈಗ ಯೋಚಿಸಿದರೆ, ಆ ಕೊನೆಯ ಪ್ರಶ್ನೆಯಿಂದಲೇ ಅಮ್ಮನಿಗೆ ನಾಯಿ ಅಡುಗೆಮನೆಗೆ ಬರುವುದು ಬೇಡವಾಗಿತ್ತೆಂದು ಗೊತ್ತಾಗಿ, ಅಡ್ಡಬಾಗಿಲು ಹಾಕಿಸಲು ನಮಗೆ ಸಮಯ ಸಿಕ್ಕಿತು.

ಒಪ್ಪಂದದಲ್ಲಿ ಒಂದು ಸಾಲು ಕಡ್ಡಾಯವಾಗಿ ಇರಲಿ: ಯಾವುದೇ ಕಾರಣದಿಂದ ಸಾಕಲು ಆಗದಿದ್ದರೆ ನಾಯಿಯನ್ನು ಕೊಟ್ಟವರಿಗೇ ಹಿಂದಿರುಗಿಸಬೇಕು, ಬೀದಿಗೆ ಬಿಡಬಾರದು, ಮೂರನೆಯವರಿಗೆ ಕೊಡಬಾರದು. ಬೀದಿನಾಯಿಗಳ ಪ್ರಕರಣದಲ್ಲಿ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶವೂ, ಸ್ಥಳೀಯ ಸಂಸ್ಥೆಯ ಮೂಲಕ ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆಯೆಂದು ಹೇಳಿದೆ.

ಕಳುಹಿಸುವಾಗ ಅವಳ ಹಾಸುಬಟ್ಟೆಯನ್ನು ಒಗೆಯದೆ ಹಾಗೆಯೇ ಕೊಡಿ. ಒಂದು ವಾರಕ್ಕಾಗುವಷ್ಟು ಅದೇ ಆಹಾರವನ್ನೂ ಕೊಡಿ. ಸಾಧ್ಯವಾದರೆ ಅವರು ಎರಡು ಮೂರು ಸಲ ನಿಮ್ಮಲ್ಲಿಗೆ ಬಂದು ತಾವೇ ಹಗ್ಗ ಹಿಡಿದು ಅವಳೊಡನೆ ನಡೆಯಲಿ. ಮೊದಲ ತಿಂಗಳು ನೋಡಲು ಹೋಗಬೇಡಿ ಎಂದು ಕೆಲವರು ಹೇಳುತ್ತಾರೆ. ನಾನು ಅದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ, ಆದರೆ ಮೊದಲ ಎರಡು ವಾರ ಫೋನಿನಲ್ಲೇ ವಿಚಾರಿಸುವುದು ಒಳ್ಳೆಯದು. ನಮ್ಮ ನಾಯಿಗಂತೂ ಆ ಮನೆ ತವರಿನಂತೆ ಆಗಿದೆ. ನಾವು ಊರಿಗೆ ಹೋಗುವಾಗ ಅಲ್ಲೇ ಬಿಡುತ್ತೇವೆ, ಅವರ ಬೀದಿಯ ತಿರುವು ಬಂದರೆ ಕಾರಿನೊಳಗೇ ಎದ್ದು ನಿಲ್ಲುತ್ತದೆ.

ಒಂದು ವೇಳೆ ಕೊನೆಯಲ್ಲಿ ನೀವೇ ಇಟ್ಟುಕೊಳ್ಳಬೇಕೆನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ತೀರ್ಮಾನವನ್ನು ಕಳುಹಿಸುವ ಹಿಂದಿನ ರಾತ್ರಿ ಅಳುತ್ತ ಕುಳಿತು ಮಾಡಬೇಡಿ.

ಕತ್ರಿಗುಪ್ಪೆಯಿಂದ (ಹತ್ತು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕ್ಷಮಿಸಿ.

ಇಪ್ಪತ್ತೆಂಟು ದಿನ ಮಾತ್ರೆ ಮುಗಿಸಿದೆವು. ಎರಡನೆಯ ಪರೀಕ್ಷೆಯಲ್ಲಿ ಎಣಿಕೆ 1,30,000 ಆಗಿತ್ತು, ಮೂರನೆಯದರಲ್ಲಿ 2,40,000. ಮೆಷಿನ್ ಸರಿಸಿ ನೋಡಿದಾಗ ಗೋಡೆಯ ಬಿರುಕಿನಲ್ಲಿ ನಿಜವಾಗಿಯೂ ಉಣ್ಣೆಗಳಿದ್ದವು. ಸಂಘದವರು ಮಾರ್ಗಸೂಚಿ ಓದಿದ ಮೇಲೆ ಲಿಫ್ಟಿನ ಮಾತೆತ್ತಿಲ್ಲ. ದೀಪಾವಳಿಯ ಮೂರು ರಾತ್ರಿಯೂ ಅತ್ತೆಯವರು ಆ ಸಂದಿಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

ಒಟ್ಟು ಏಳು ಮನೆಯವರು ವಿಚಾರಿಸಿದರು. ಮಗಳ ಪುಸ್ತಕದಿಂದ ಆರಿಸಿದ ಎರಡು ಪುಟಗಳನ್ನು ಎಲ್ಲರಿಗೂ ಕಳುಹಿಸಿದೆವು. ನಾಲ್ವರು ಮತ್ತೆ ಫೋನ್ ಮಾಡಲಿಲ್ಲ. ಉಳಿದವರಲ್ಲಿ ತುಮಕೂರಿನ ದಂಪತಿಗಳು ಎರಡು ಭಾನುವಾರ ಬಂದು ಹೋದರು. ಎರಡನೆಯ ಸಲ ಬಂದಾಗ ಆಕೆ ನಮ್ಮ ಗೌರಿಯನ್ನು ಮುಟ್ಟಲು ಹೋಗದೆ, ಒಂದು ಗಂಟೆ ನೆಲದ ಮೇಲೆ ಕುಳಿತು ಅತ್ತೆಯವರ ಜೊತೆ ಅವರೆಕಾಯಿ ಸುಲಿದರು. ಗೌರಿ ಹೊರಗೆ ಬಂದು ಸಿಪ್ಪೆಯನ್ನು ಮೂಸಿ ನೋಡಿದಳು. ಅಂದೇ ನಾವು ತೀರ್ಮಾನಿಸಿದೆವು. ಕಳೆದ ಶನಿವಾರ ಅವಳು ಹೋದಳು. ಮಗಳು ಅತ್ತಳು, ನಾನೂ ಅತ್ತೆ. ಪುಸ್ತಕವನ್ನು ಮಾತ್ರ ಅವಳೇ ಅವರ ಕೈಗೆ ಕೊಟ್ಟಳು.

ಭಾನುವಾರ ರಾತ್ರಿ ತುಮಕೂರಿನಿಂದ ಫೋನ್ ಬಂದಿತು. ಗೌರಿ ಅನ್ನ ಮುಟ್ಟಿಲ್ಲ, ಬೆಳಗಿನಿಂದ ನೀರನ್ನೂ ಕುಡಿದಿಲ್ಲ ಎಂದು ಆಕೆ ಗಾಬರಿಯಾಗಿದ್ದರು. ನಾನು ಉತ್ತರಿಸುವಷ್ಟರಲ್ಲಿ ಮಗಳು ಫೋನ್ ಕಿತ್ತುಕೊಂಡು, "ಮೊದಲನೇ ಪುಟ ನೋಡಿ ಆಂಟಿ, ಬೆನ್ನು ತಿರುಗಿಸಿ ನಿಂತ್ಕೊಳ್ಳಿ" ಎಂದಳು. ಫೋನ್ ಇಡದೆ ಹಾಗೆಯೇ ಕಾದೆವು. ಸ್ವಲ್ಪ ಹೊತ್ತಿನ ಮೇಲೆ, ದೂರದಿಂದ, ಲೊಚಲೊಚ ಕುಡಿಯುವ ಸದ್ದು ಕೇಳಿಸಿತು.

ಡಿಸೆಂಬರ್ ಮೊದಲ ವಾರದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ಒಪ್ಪಂದದಲ್ಲಿ ಬರೆದಿದ್ದೇವೆ, ಅದರ ಹಿಂದಿನ ದಿನ ರಕ್ತಪರೀಕ್ಷೆಯೂ ಆಗುತ್ತದೆ.